ದೀಪಾವಳಿ ಜಗಲಿಗೆ ಕುಂಬಳ ಬದನೆ: ಬಣ್ಣ ಬರಬೇಕಾದರೆ ಮೇ ತಿಂಗಳಲ್ಲೇ ಬೀಜ ಬೀಳಬೇಕು

ನವರಾತ್ರಿ ಆರಂಭದಿಂದ ತುಳಸಿ ಪೂಜೆಯವರೆಗೆ ಸುಮಾರು ಆರು ವಾರ. ಕಾಸರಗೋಡಿನ ಮನೆಗಳಲ್ಲಿ ಜಗಲಿ, ಚಾವಡಿ ಸಿಂಗರಿಸುವ ಕಾಲವೇ ಇದು. ಹಿಂಗಾರ, ಮಾವಿನೆಲೆ, ಚೆಂಡುಹೂ, ಹೊಸ ತೆನೆ ಎಲ್ಲವೂ ಬೇಕು, ಅವುಗಳ ಜಾಗದಲ್ಲಿ ಬೇರೆಯದನ್ನು ಇಡುವ ಪ್ರಶ್ನೆಯೇ ಇಲ್ಲ. ಆದರೆ ಹೂವಿಗೆ ಎರಡು ದಿನದ ಆಯುಸ್ಸು. ಒಮ್ಮೆ ಇಟ್ಟರೆ ಆರು ವಾರವೂ ಬಣ್ಣ ಕೆಡದೆ ನಿಲ್ಲುವ ವಸ್ತು ಹುಡುಕುವವರಿಗೆ ಕುಂಬಳ ಬದನೆಯನ್ನು ಧೈರ್ಯವಾಗಿ ಹೇಳಬಹುದು.

ಬೀಜದ ಪೊಟ್ಟಣದ ಮೇಲೆ ಇದಕ್ಕೆ ‘ಪಂಪ್‌ಕಿನ್ ಆನ್ ಎ ಸ್ಟಿಕ್’ ಎಂದು ಹೆಸರು. ಕುಂಬಳದ ಬಳ್ಳಿಗೂ ಇದಕ್ಕೂ ಸಂಬಂಧವಿಲ್ಲ, ಇದು ಬದನೆಯ ಕುಲದ್ದು. ಸಸ್ಯಶಾಸ್ತ್ರದಲ್ಲಿ ಸೊಲಾನಮ್ ಈಥಿಯೋಪಿಕಮ್, ಹಳೆಯ ಪುಸ್ತಕಗಳಲ್ಲಿ ಸೊಲಾನಮ್ ಇಂಟೆಗ್ರಿಫೋಲಿಯಮ್. ಆಫ್ರಿಕಾದಲ್ಲಿ ಒಗ್ಗಿಸಿದ ಬದನೆಯ ಜಾತಿ ಇದು. ಬ್ರೆಜಿಲ್‌ನಲ್ಲಿ ಪಲ್ಯಕ್ಕೆ ಬಳಸುವ ಜಿಲೊ ಕೂಡ ಇದೇ ಜಾತಿಯ ಇನ್ನೊಂದು ಗುಂಪು. ಗಿಡ ಮೂರರಿಂದ ನಾಲ್ಕು ಅಡಿ ಏರುತ್ತದೆ. ಕಾಂಡ ನೇರಳೆ, ಎಲೆಯ ನರದ ಮೇಲೂ ಮುಳ್ಳು. ಹೂ ಸಣ್ಣದು, ಬಿಳಿ. ಕಾಯಿ ಎರಡು ಇಂಚಿನಷ್ಟು ಅಗಲ, ಸುತ್ತಲೂ ಏಣುಗಳು, ಮೂರು ನಾಲ್ಕು ಕಾಯಿಗಳ ಗೊಂಚಲು. ಮೊದಲು ಹಸಿರು, ಆಮೇಲೆ ಕಿತ್ತಳೆ, ಕೊನೆಗೆ ಕಡುಕೆಂಪು. ಎಲೆ ತೆಗೆದ ಕೋಲಿನ ಉದ್ದಕ್ಕೂ ಪುಟ್ಟ ಸಿಹಿಗುಂಬಳಗಳನ್ನು ಅಂಟಿಸಿಟ್ಟ ಹಾಗೆ ಕಾಣುತ್ತದೆ. ಒಣಗಿದರೂ ಆಕಾರ ಉಳಿಯುತ್ತದೆ ಎಂಬುದೇ ಇದರ ದೊಡ್ಡ ಗುಣ.

ಪೊಟ್ಟಣದ ಹಿಂದಿನ ಸೂಚನೆ ಚಳಿ ದೇಶದ್ದು. ಹಿಮ ಕರಗಿದ ಮೇಲೆ ನೆಡಿ, ಬೇಸಿಗೆಯಲ್ಲಿ ಬೆಳೆಸಿ, ಶರತ್ಕಾಲದಲ್ಲಿ ಕೊಯ್ಯಿ ಎಂದು ಅದರಲ್ಲಿ ಇರುತ್ತದೆ. ಅಲ್ಲಿ ಗಿಡ ಬೆಳೆಯುವ ತಿಂಗಳುಗಳು ನಮ್ಮಲ್ಲಿ ಕಾರ್ತೆಲ್, ಆಟಿ, ಸೋಣ ಎಂಬ ತುಳು ತಿಂಗಳುಗಳು, ಅಂದರೆ ಜೂನ್ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ. ವರ್ಷದ ಸುಮಾರು 3,500 ಮಿ.ಮೀ. ಮಳೆಯಲ್ಲಿ ಬಹುಪಾಲು ಬೀಳುವುದು ಅದೇ ಹೊತ್ತಿಗೆ. ಹಾಗಾಗಿ ಇಲ್ಲಿ ಎರಡು ವಿಷಯ ನಿರ್ಣಾಯಕ: ಬೀಜ ಹಾಕುವ ದಿನ ಮತ್ತು ಬೇರು. ಇವೆರಡು ಸರಿಯಾದರೆ ಮಿಕ್ಕದ್ದು ಬದನೆ ಬೆಳೆದು ಗೊತ್ತಿರುವ ಯಾರಿಗೂ ಕಷ್ಟವಲ್ಲ.

ಮೊದಲು ದಿನದ ಲೆಕ್ಕ. ದೀಪಾವಳಿ ಅಕ್ಟೋಬರ್ ನಡುವಿನಿಂದ ನವೆಂಬರ್ ನಡುವಿನವರೆಗೆ ಯಾವಾಗ ಬೇಕಾದರೂ ಬರಬಹುದು. ಆ ವರ್ಷದ ಪಂಚಾಂಗ ನೋಡಿ ಹಿಂದಕ್ಕೆ ಎಣಿಸಬೇಕು. ಬೀಜದಿಂದ ನಾಟಿಗೆ ತಯಾರಾದ ಸಸಿಗೆ ಆರು ವಾರ. ಕಸಿ ಮಾಡುವುದಿದ್ದರೆ ಇನ್ನೆರಡು ವಾರ. ನಾಟಿಯಿಂದ ಮೊದಲ ಕಾಯಿ ಬಣ್ಣ ತಿರುಗಲು ಪೊಟ್ಟಣದಲ್ಲಿ 65ರಿಂದ 75 ದಿನ ಎಂದು ಬರೆದಿರುತ್ತದೆ, ಆದರೆ ಮೋಡ ಮುಚ್ಚಿದ ಆಟಿಯ ಬೆಳಕಿನಲ್ಲಿ ಹನ್ನೆರಡು ವಾರ ಹಿಡಿದುಕೊಳ್ಳುವುದು ಒಳ್ಳೆಯದು. ಕೆಳಗಿನ ಗೊಂಚಲು ಹಣ್ಣಾಗಿ ಮೇಲಿನದ್ದು ಬಣ್ಣ ಹಿಡಿಯಲು ಮತ್ತೆರಡು ವಾರ. ಒಟ್ಟು 22 ವಾರ, ಅಂದರೆ ಐದು ತಿಂಗಳು. ನವೆಂಬರ್ ಮೊದಲ ವಾರದ ದೀಪಾವಳಿಗೆ ಮೇ ಕೊನೆಯೊಳಗೆ ಬೀಜ ಬಿದ್ದಿರಬೇಕು. ನವರಾತ್ರಿಗೇ ಬೇಕೆಂದರೆ ಮೇ ಮೊದಲ ವಾರದೊಳಗೆ. ಸ್ವಲ್ಪ ಬೇಗ ಆದರೆ ತೊಂದರೆಯಿಲ್ಲ, ಬಣ್ಣ ಬಂದ ಕಾಯಿ ಗಿಡದಲ್ಲೇ ಎರಡು ಮೂರು ವಾರ ಚೆನ್ನಾಗಿ ನಿಲ್ಲುತ್ತದೆ. ತಡವಾದರೆ ಮಾತ್ರ ಉಪಾಯವಿಲ್ಲ: ಪೂರ್ತಿ ಹಸಿರಿರುವಾಗ ಕೊಯ್ದ ಕಾಯಿ ಬಣ್ಣ ಹಿಡಿಯದೆ ಬೂದು ಹಸಿರಾಗಿ ಚುರುಟುತ್ತದೆ.

ಬೀಜ ಬಿತ್ತಲು ಸುಡುಮಣ್ಣಿಗಿಂತ ಒಳ್ಳೆಯದು ಬೇರಿಲ್ಲ. ಒಣ ತರಗೆಲೆ, ಕಸಕಡ್ಡಿಯ ಮೇಲೆ ಮಣ್ಣು ಮುಚ್ಚಿ ನಿಧಾನ ಸುಟ್ಟು ಜರಡಿ ಹಿಡಿದ ಮಣ್ಣಿನಲ್ಲಿ ಕಳೆಯ ಬೀಜವೂ ಸಸಿ ಕೊಳೆಸುವ ಶಿಲೀಂಧ್ರವೂ ಬಹುಮಟ್ಟಿಗೆ ಸತ್ತಿರುತ್ತವೆ. ಸುಡುಮಣ್ಣು ಒಂದು ಪಾಲು, ಹದ ಮಾಡಿದ ತೆಂಗಿನ ನಾರಿನ ಹುಡಿ ಒಂದು ಪಾಲು ಬೆರೆಸಿ ಪ್ರೋಟ್ರೇಯಲ್ಲಿ (ಸಸಿ ಬೆಳೆಸುವ ಗುಳಿಗಳ ತಟ್ಟೆ) ತುಂಬಿ. ಹಸಿ ನಾರಿನ ಹುಡಿ ಬೇಡ, ಅದರಲ್ಲಿರುವ ಟ್ಯಾನಿನ್ ಎಳೆ ಬೇರನ್ನು ಕುಂಠಿಸುತ್ತದೆ. ನಾಲ್ಕೈದು ಸಲ ನೀರಿನಲ್ಲಿ ತೊಳೆದು ಹಿಂಡಿದ್ದು ಅಥವಾ ಕಾಂಪೋಸ್ಟ್ ಆದದ್ದೇ ಆಗಬೇಕು. ಬೀಜ ಅರ್ಧ ಸೆಂಟಿಮೀಟರ್ ಆಳ ಸಾಕು. ಮೇ ತಿಂಗಳ ಸೆಕೆಯಲ್ಲಿ ಏಳರಿಂದ ಹದಿನಾಲ್ಕು ದಿನದೊಳಗೆ ಮೊಳೆಯುತ್ತದೆ. ಮಳೆ ಹಿಡಿದ ಮೇಲೆ ಬಿತ್ತಿದರೆ ತಡವೂ ಆಗುತ್ತದೆ, ಸಸಿ ಬುಡ ಕೊಳೆತು ಬೀಳುವುದೂ ಜಾಸ್ತಿ.

ಈಗ ಬೇರಿನ ವಿಷಯ. ಇಲ್ಲಿ ಹೆಚ್ಚಿನವರು ಸೋಲುವುದು ಇಲ್ಲೇ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳಬೇಕು.

ನಮ್ಮ ಮುರಕಲ್ಲಿನ ಮಣ್ಣು ಹುಳಿ ಮಣ್ಣು. ಮಳೆ, ಸೆಕೆ, ಹುಳಿ ಮೂರೂ ಸೇರಿದ ಕಡೆ ಬದನೆ ಕುಲಕ್ಕೆ ದೊಡ್ಡ ಶತ್ರು ದುಂಡಾಣು ಸೊರಗು ರೋಗ, ಅದನ್ನು ತರುವುದು ರಾಲ್‌ಸ್ಟೋನಿಯಾ ಎಂಬ ಬ್ಯಾಕ್ಟೀರಿಯಾ. ಬೆಳಿಗ್ಗೆ ನೆಟ್ಟಗಿದ್ದ ಗಿಡ ಮಧ್ಯಾಹ್ನ ಎಲೆ ಇಳಿಬಿಡುತ್ತದೆ, ಸಂಜೆ ಸ್ವಲ್ಪ ಚೇತರಿಸಿಕೊಂಡಂತೆ ತೋರುತ್ತದೆ, ಕೆಲವೇ ದಿನಗಳಲ್ಲಿ ಎಲೆ ಹಳದಿಯಾಗದೆ ಹಸಿರಾಗಿರುವಾಗಲೇ ಸಾಯುತ್ತದೆ. ನೀರು ಕಡಿಮೆಯಾಯಿತೆಂದು ಇನ್ನಷ್ಟು ನೀರು ಹಾಕುವುದು ಇಲ್ಲಿ ಸಾಮಾನ್ಯ ತಪ್ಪು. ಪರೀಕ್ಷೆ ಸುಲಭ: ಬುಡದ ಕಾಂಡವನ್ನು ಎರಡು ಇಂಚು ತುಂಡು ಮಾಡಿ, ಗಾಜಿನ ಲೋಟದ ತಿಳಿನೀರಿಗೆ ಅದರ ಕೆಳತುದಿ ತಾಗುವಂತೆ ಹಿಡಿಯಿರಿ. ಕೆಲವು ನಿಮಿಷಗಳಲ್ಲಿ ಕತ್ತರಿಸಿದ ತುದಿಯಿಂದ ಹಾಲಿನಂಥ ಎಳೆ ಕೆಳಗಿಳಿದರೆ ಇದೇ ರೋಗ. ಆ ಗಿಡಕ್ಕೆ ಔಷಧವಿಲ್ಲ. ಬುಡದ ಮಣ್ಣಿನ ಸಮೇತ ಕಿತ್ತು ಸುಡಬೇಕು, ಗೊಬ್ಬರ ಗುಂಡಿಗೆ ಹಾಕಬಾರದು. ಬಳಸಿದ ಕತ್ತಿಯನ್ನೂ ಹಾರೆಯನ್ನೂ ತೊಳೆದು ಬಿಸಿಲಿಗಿಡಬೇಕು.

ಕೇರಳ ಕೃಷಿ ವಿಶ್ವವಿದ್ಯಾಲಯ ಸೂರ್ಯ, ಶ್ವೇತ, ಹರಿತ, ನೀಲಿಮಾ ಎಂಬ ಬದನೆ ತಳಿಗಳನ್ನು ಹೊರತಂದದ್ದು ಈ ರೋಗ ತಡೆಯಬೇಕೆಂದೇ. ಕುಂಬಳ ಬದನೆಯ ಜಾತಿಯಲ್ಲೂ ರೋಗ ತಡೆದುಕೊಳ್ಳುವ ಕೆಲವು ತಳಿಗಳಿವೆ, ಆದರೆ ಅಲಂಕಾರಕ್ಕೆಂದು ಮಾರುವ ಬೀಜದಲ್ಲಿ ಆ ಗುಣ ಇದೆ ಎಂದು ನಂಬಿ ಕೂರುವಂತಿಲ್ಲ. ಹಾಗಾಗಿ ನನ್ನ ಸಲಹೆ ಕಸಿ. ಬೇರಿಗೆ ಸುಂಡೆ, ಅಂದರೆ ನಮ್ಮ ಗುಡ್ಡದ ಬದಿಯಲ್ಲಿ, ಹಿತ್ತಿಲಿನ ಮೂಲೆಯಲ್ಲಿ ತಾನಾಗಿ ಬೆಳೆಯುವ ಕುದನೆ. ಅದರ ಬೇರು ಸೊರಗು ರೋಗವನ್ನೂ ಗಂಟುಬೇರಿನ ಜಂತುವನ್ನೂ ಬಹಳ ಮಟ್ಟಿಗೆ ತಡೆಯುತ್ತದೆ, ನೀರು ಹೆಚ್ಚಾದರೂ ಬದನೆಯಷ್ಟು ಬೇಗ ಸೋಲುವುದಿಲ್ಲ.

ಸುಂಡೆ ಬೀಜ ಮೊಳೆಯಲು ಸೋಮಾರಿ, ಎರಡು ಮೂರು ವಾರ ಬೇಕು, ಆಮೇಲೂ ನಿಧಾನ. ಆದ್ದರಿಂದ ಕುಂಬಳ ಬದನೆಗಿಂತ ಮೂರರಿಂದ ನಾಲ್ಕು ವಾರ ಮೊದಲೇ, ಅಂದರೆ ಏಪ್ರಿಲ್ ಕೊನೆಗೆ ಅದನ್ನು ಬಿತ್ತಬೇಕು. ಎರಡೂ ಸಸಿಗಳ ಕಾಂಡ 3 ಮಿ.ಮೀ. ದಪ್ಪವಾದಾಗ ಕಸಿಗೆ ಹದ. ಸುಂಡೆಯನ್ನು ಬೀಜದಳದ ಮೇಲೆ ಅಡ್ಡಕ್ಕೆ ಕತ್ತರಿಸಿ, ನಡುವೆ ಒಂದು ಸೆಂಟಿಮೀಟರ್ ಆಳ ಸೀಳಿ. ಕುಂಬಳ ಬದನೆಯ ತುದಿಯನ್ನು ಎರಡು ಮೂರು ಎಲೆಯೊಂದಿಗೆ ಕತ್ತರಿಸಿ, ಬುಡವನ್ನು ಎರಡೂ ಕಡೆಯಿಂದ ಕೆತ್ತಿ ಬೆಣೆಯ ಆಕಾರ ಮಾಡಿ ಸೀಳಿನಲ್ಲಿ ಕೂರಿಸಿ ಕಸಿ ಕ್ಲಿಪ್ ಹಾಕಿ. ಬ್ಲೇಡು ಹೊಸದಾಗಿರಬೇಕು, ಕೆತ್ತಿದ ಮುಖಕ್ಕೆ ಬೆರಳು ತಾಗಬಾರದು, ಕನಿಷ್ಠ ಒಂದು ಬದಿಯಲ್ಲಾದರೂ ಎರಡರ ಸಿಪ್ಪೆ ಸರಿಯಾಗಿ ಕೂಡಬೇಕು. ಆಮೇಲೆ ಆರೇಳು ದಿನ ನೆರಳಿನಲ್ಲಿ, ಒಳಗೆ ನೀರಿನ ಪಸೆ ಇರುವ ಪಾರದರ್ಶಕ ಡಬ್ಬಿ ಮುಚ್ಚಿಡಬೇಕು. ಎಂಟನೆಯ ದಿನದಿಂದ ಮುಚ್ಚಳವನ್ನು ದಿನಕ್ಕೆ ಸ್ವಲ್ಪ ಹೊತ್ತು ತೆರೆಯುತ್ತಾ ಒಂದು ವಾರದಲ್ಲಿ ಬೆಳಕಿಗೆ ಒಗ್ಗಿಸಬೇಕು. ಕಸಿ ಸೋಲುವುದು ಹೆಚ್ಚಾಗಿ ಕೈಚಳಕದ ಕೊರತೆಯಿಂದಲ್ಲ, ಡಬ್ಬಿಯನ್ನು ಅವಸರದಿಂದ ತೆರೆಯುವುದರಿಂದ. ಕೂಡದ ಕಾಂಡದ ಮೂಲಕ ನೀರು ಮೇಲೇರುವ ಮೊದಲೇ ಎಲೆ ಒಣಗಿಬಿಡುತ್ತದೆ.

ನೆಡುವಾಗ ಕಸಿಯ ಗಂಟು ಮಣ್ಣಿನಿಂದ ಎರಡು ಇಂಚು ಮೇಲೆಯೇ ಇರಬೇಕು. ಮಣ್ಣು ಮುಚ್ಚಿಕೊಂಡರೆ ಮೇಲಿನ ಭಾಗ ತಾನೇ ಬೇರು ಬಿಟ್ಟು ರೋಗಕ್ಕೆ ಬಾಗಿಲು ತೆರೆಯುತ್ತದೆ, ಮಾಡಿದ ಕೆಲಸವೆಲ್ಲ ವ್ಯರ್ಥ. ಗಂಟಿನ ಕೆಳಗಿನಿಂದ ಬರುವ ಸುಂಡೆಯ ಚಿಗುರನ್ನು ಕಂಡ ಕೂಡಲೇ ಚಿವುಟಬೇಕು.

ನೆಲಕ್ಕಿಂತ ಗ್ರೋಬ್ಯಾಗ್ ಇಲ್ಲಿ ಹಿತ. 40 × 24 × 24 ಸೆಂ.ಮೀ. ಅಳತೆಯ ಚೀಲಕ್ಕೆ ಒಂದು ಗಿಡ. ಟೊಮೆಟೊ, ಮೆಣಸು, ಬದನೆ ಬೆಳೆಯದ ಜಾಗದ ಮಣ್ಣು ಎರಡು ಪಾಲು ತೆಗೆದುಕೊಂಡು, ಚೀಲಕ್ಕೆ ಸುಮಾರು 30 ಗ್ರಾಂ ಲೆಕ್ಕದಲ್ಲಿ ಕೃಷಿ ಸುಣ್ಣ ಅಥವಾ ಡಾಲಮೈಟ್ ಬೆರೆಸಿ ಪಸೆ ಇರುವ ಹಾಗೆ ಎರಡು ವಾರ ಬಿಡಿ. ಆಮೇಲೆ ಹಳೆಯ ಹಟ್ಟಿಗೊಬ್ಬರ ಒಂದು ಪಾಲು, ನಾರಿನ ಹುಡಿಯ ಕಾಂಪೋಸ್ಟ್ ಒಂದು ಪಾಲು, 100 ಗ್ರಾಂ ಬೇವಿನ ಹಿಂಡಿ, 50 ಗ್ರಾಂ ಎಲುಬಿನ ಹುಡಿ ಸೇರಿಸಿ. ಸುಣ್ಣವನ್ನೂ ಹಟ್ಟಿಗೊಬ್ಬರವನ್ನೂ ಒಂದೇ ದಿನ ಬೆರೆಸಿದರೆ ಗೊಬ್ಬರದ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ, ಅದಕ್ಕೇ ಈ ಎರಡು ವಾರ. ನೆಡುವ ಮೊದಲು ಬೇರನ್ನು ಲೀಟರಿಗೆ 20 ಗ್ರಾಂ ಸ್ಯೂಡೋಮೊನಾಸ್ (ರೋಗ ತಡೆಯುವ ಉಪಕಾರಿ ಬ್ಯಾಕ್ಟೀರಿಯಾದ ಹುಡಿ) ಕದಡಿದ ನೀರಿನಲ್ಲಿ ಅರ್ಧ ಗಂಟೆ ಇಡುವುದು ಒಳ್ಳೆಯದು. ಸುಣ್ಣ ಹಾಕಿದ ಚೀಲಕ್ಕೆ ಮತ್ತೆ ಮತ್ತೆ ಬೂದಿ ಸುರಿಯಬೇಡಿ, ಎರಡೂ ಸೇರಿ ಮಣ್ಣು ಕ್ಷಾರದ ಕಡೆ ವಾಲುತ್ತದೆ. ತಿಂಗಳಿಗೊಮ್ಮೆ ಒಂದು ಸಣ್ಣ ಹಿಡಿ ಸಾಕು.

ಚೀಲಕ್ಕೆ ಜಾಗ ಅಂಗಳ. ಅಡಿಕೆ ತೋಟದ ನೆರಳಿನಲ್ಲಿ ಈ ಗಿಡ ಉದ್ದಕ್ಕೆ ಬೆಳೆದು ಕಾಯಿ ಬಿಡದೆ ನಿಲ್ಲುತ್ತದೆ, ದಿನಕ್ಕೆ ಆರು ಗಂಟೆ ಬಿಸಿಲಿಗೆ ತೆರೆದ ಜಾಗ ಬೇಕು. ಮಳೆಗಾಲದಲ್ಲಿ ಅಡಿಕೆ ಹರಡುವ ಅಂಗಳ ಹೇಗೂ ಖಾಲಿ. ಅಡಿಕೆ ಮರದ ಸಲಾಕೆಯಲ್ಲಿ ಚಪ್ಪರದ ಚೌಕಟ್ಟು ಮಾಡಿ 200 ಮೈಕ್ರಾನ್ ಯುವಿ ಶೀಟ್ ಹೊದೆಸಿ, ಸುತ್ತಲೂ ತೆರೆದಿಡಿ. ಬದಿ ಮುಚ್ಚಿದರೆ ಒಳಗೆ ತೇವ ನಿಂತು ಎಲೆಚುಕ್ಕೆಯೂ ಕಾಯಿಕೊಳೆಯೂ ಬರುತ್ತವೆ. ಚಪ್ಪರ ಆಗದವರು ಕನಿಷ್ಠ ಸೂರಿನ ನೀರು ಬೀಳುವ ಸಾಲಿನಿಂದ ದೂರ ಇಡಲಿ, ಮತ್ತು ಚೀಲವನ್ನು ನೆಲದಿಂದ ಎತ್ತರಿಸಲು ಎರಡು ಇಟ್ಟಿಗೆ ಕೊಡಲಿ. ಅಂಗಳದಲ್ಲಿ ಹರಿಯುವ ನೀರೇ ಒಂದು ಚೀಲದ ರೋಗವನ್ನು ಇನ್ನೊಂದಕ್ಕೆ ಒಯ್ಯುವುದು. ಚೀಲದಿಂದ ಚೀಲಕ್ಕೆ ಎರಡೂವರೆ ಅಡಿ ಅಂತರ ಬೇಕು.

ಅಲಂಕಾರಕ್ಕೆ ಬೇಕಾದದ್ದು ಉದ್ದ ನೇರ ಕೋಲು, ಪೊದೆಯಲ್ಲ. ಬುಡದಿಂದ ಒಂದು ಅಡಿಯವರೆಗಿನ ಪಕ್ಕದ ಚಿಗುರು ತೆಗೆದು, ಮೇಲೆ ಮೂರು ನಾಲ್ಕು ಗಟ್ಟಿ ಕೊಂಬೆ ಮಾತ್ರ ಉಳಿಸಿ. ಪ್ರತಿ ಗಿಡಕ್ಕೂ ನಾಲ್ಕಡಿಯ ಆಧಾರ ಬೇಕು, ಕಾಯಿ ತುಂಬಿದ ಕೊಂಬೆ ಒಂದೇ ಗಾಳಿಮಳೆಗೆ ಸಿಗಿಯುತ್ತದೆ. ಗೊಬ್ಬರದಲ್ಲಿ ಕೈ ಬಿಗಿ ಇರಲಿ. ನೆಲಗಡಲೆ ಹಿಂಡಿ ಒಂದು ಕಿಲೋವನ್ನು ಹತ್ತು ಲೀಟರ್ ನೀರಿನಲ್ಲಿ ನಾಲ್ಕು ದಿನ ಕೊಳೆಸಿ, ತಿಳಿಯನ್ನು ಹತ್ತು ಪಟ್ಟು ನೀರು ಬೆರೆಸಿ ಹದಿನೈದು ದಿನಕ್ಕೊಮ್ಮೆ ಚೀಲಕ್ಕೆ ಅರ್ಧ ಲೀಟರ್ ಕೊಟ್ಟರೆ ಸಾಕು, ಹೂ ಬಿಟ್ಟ ಮೇಲೆ ಅದೂ ಬೇಡ. ಸಾರಜನಕ ಹೆಚ್ಚಾದ ಗಿಡದ ಕಾಂಡ ಮೆತ್ತಗಾಗಿ, ಒಣಗುವಾಗ ಬಾಗಿ ಕೂರುತ್ತದೆ. ಹೂವಿಗೆ ತನ್ನದೇ ಪರಾಗ ಸಾಕು, ಆದರೆ ಮಳೆಯಲ್ಲಿ ಜೇನು ಬರುವುದು ಕಡಿಮೆ. ಹೊಳವಾದ ದಿನ ಬೆಳಿಗ್ಗೆ ಹತ್ತರ ಸುಮಾರಿಗೆ ಕೊಂಬೆಯನ್ನು ಬೆರಳಿನಿಂದ ತಟ್ಟಿದರೆ ಕಾಯಿ ಕಟ್ಟುವುದು ಹೆಚ್ಚುತ್ತದೆ.

ಕೀಟಗಳು ಬದನೆಯವೇ. ಕುಡಿ ಬಾಡಿ ಬಾಗಿದರೆ ಒಳಗೆ ಕುಡಿಕೊರಕ ಹುಳು ಇದೆ ಎಂದರ್ಥ, ಬಾಡಿದ ಜಾಗದಿಂದ ಒಂದು ಇಂಚು ಕೆಳಗೆ ಕತ್ತರಿಸಿ ಸುಡಬೇಕು. ಅದನ್ನು ಬಿಟ್ಟರೆ ಮುಂದಿನ ತಲೆಮಾರು ಕಾಯಿಗೆ ತೂತು ಮಾಡುತ್ತದೆ, ತೂತಾದ ಕಾಯಿ ಒಣಗಿಸಲು ಇಟ್ಟಲ್ಲೇ ಕೊಳೆತು ಪಕ್ಕದ್ದನ್ನೂ ಕೆಡಿಸುತ್ತದೆ. ಎಲೆಯನ್ನು ಜಾಲರಿ ಮಾಡುವ ಚುಕ್ಕೆ ಜೀರುಂಡೆಯನ್ನೂ ಅದರ ಹಳದಿ ಮರಿಯನ್ನೂ ಕೈಯಿಂದಲೇ ಹೆಕ್ಕಬಹುದು. ಜಿಗಿಹುಳ, ಬಿಳಿನೊಣಕ್ಕೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಕರಗಿಸಿದ ಸ್ವಲ್ಪ ಬಾರ್ ಸೋಪು, ಸಂಜೆ ಎಲೆಯ ಅಡಿಗೆ ತಾಗುವಂತೆ ಸಿಂಪಡಿಸಿ. ಎಲೆಗಳೆಲ್ಲ ಸಣ್ಣದಾಗಿ ಗುಚ್ಛ ಕಟ್ಟಿದ ಗಿಡ ಕಂಡರೆ ಅದು ಸಣ್ಣ ಎಲೆ ರೋಗ, ಹರಡುವುದು ಜಿಗಿಹುಳದಿಂದ. ಕಿತ್ತು ಹಾಕಿ, ಕಾಯಬೇಡಿ. ಆಫ್ರಿಕನ್ ಬಸವನಹುಳು ಇರುವ ಊರಿನಲ್ಲಿ ರಾತ್ರಿ ಟಾರ್ಚ್ ಹಿಡಿದು ಹೆಕ್ಕುವುದೊಂದೇ ಗಟ್ಟಿ ದಾರಿ, ಎಳೆ ಸಸಿಯನ್ನು ಅದು ಒಂದೇ ರಾತ್ರಿಯಲ್ಲಿ ಮುಗಿಸುತ್ತದೆ.

ಕೊಯ್ಯುವ ಹದ: ಕೆಳಗಿನ ಗೊಂಚಲು ಪೂರ್ತಿ ಕಿತ್ತಳೆ, ಮೇಲಿನದ್ದು ಬಣ್ಣ ತಿರುಗಲು ಶುರು. ಕಡುಕೆಂಪಾಗುವವರೆಗೆ ಕಾಯುವ ಆಸೆ ಸಹಜ, ಆದರೆ ಬೇಡ. ಅಷ್ಟು ಹಣ್ಣಾದದ್ದು ಒಳಗೆ ಮೆತ್ತಗಾಗಿರುತ್ತದೆ, ಒಣಗುವಾಗ ತೊಟ್ಟು ಕಳಚಿ ಬೀಳುತ್ತದೆ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ಹಿಂದಿನ ದಿನ ಮಳೆ ಬಾರದ ದಿನ ನೋಡಿ, ಎರಡರಿಂದ ಮೂರು ಅಡಿ ಉದ್ದಕ್ಕೆ ಕತ್ತರಿಸಿ. ದಪ್ಪ ಚರ್ಮದ ಕೈಗವಸು ಕಡ್ಡಾಯ. ಎಲೆಗಳನ್ನು ಅದೇ ಗಂಟೆಯಲ್ಲಿ ತೆಗೆದುಬಿಡಿ, ಬಾಡಿದ ಮೇಲೆ ಅವು ಕಾಂಡಕ್ಕೂ ಕಾಯಿಗೂ ಅಂಟಿಕೊಂಡು ಕಲೆ ಬಿಡುತ್ತವೆ. ಕಾಂಡದ ಮುಳ್ಳನ್ನು ಚೂರಿಯ ಬೆನ್ನಿನಿಂದ ಉಜ್ಜಿದರೆ ಉದುರುತ್ತದೆ, ಮಕ್ಕಳಿರುವ ಮನೆಯಲ್ಲಿ ಈ ಕೆಲಸ ಬಿಡಬಾರದು.

ಹಸಿಯಾಗಿಯೇ ಇಡುವುದಾದರೆ ಹೂದಾನಿಯಲ್ಲಿ ಎರಡು ಇಂಚು ನೀರು ಸಾಕು, ಎರಡು ದಿನಕ್ಕೊಮ್ಮೆ ಬದಲಿಸಿದರೆ ಎರಡು ವಾರಕ್ಕೆ ಮೋಸವಿಲ್ಲ. ಒಣಗಿಸುವುದಾದರೆ ಒಂದು ಹನಿ ನೀರೂ ಬೇಡ.

ಒಣಗಿಸುವುದು ನಮ್ಮ ಹವೆಯಲ್ಲಿ ಇನ್ನೊಂದು ಕಷ್ಟ. ತುಲಾ ತಿಂಗಳಲ್ಲಿ, ಅಂದರೆ ಅಕ್ಟೋಬರ್ ನಡುವಿನಿಂದ ನವೆಂಬರ್ ನಡುವಿನವರೆಗೆ, ಸಂಜೆಯ ಗುಡುಗು ಮಳೆ ಬಿಟ್ಟಿರುವುದಿಲ್ಲ, ಗಾಳಿಯಲ್ಲಿ ತೇವ ತುಂಬಿರುತ್ತದೆ. ಹಲವು ಕೋಲುಗಳನ್ನು ಒಟ್ಟು ಕಟ್ಟಿ ತೂಗಿಸಿದರೆ ನಡುವಿನ ಕಾಯಿಗಳ ತೊಟ್ಟಿನ ಬಳಿ ಬೂಷ್ಟು ಮೊದಲು ಕಾಣುತ್ತದೆ. ಒಂದೊಂದನ್ನೇ ಬೇರೆ ಬೇರೆ ದಾರದಲ್ಲಿ ತಲೆಕೆಳಗಾಗಿ, ಒಂದಕ್ಕೊಂದು ತಾಗದ ಹಾಗೆ ಕಟ್ಟಬೇಕು. ನೇರ ಬಿಸಿಲಿಗೆ ಬಣ್ಣ ಸೋರುತ್ತದೆ. ಅಡಿಗೆ ಮನೆಯ ಅಟ್ಟದಲ್ಲಿ ಬೇಗ ಒಣಗುತ್ತದಾದರೂ ಸೌದೆ ಒಲೆಯ ಹೊಗೆಗೆ ಕಿತ್ತಳೆ ಮಾಸಿ ಕಂದಾಗುತ್ತದೆ. ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಮನೆಯಲ್ಲಿ, ಮೇಲೆ ನೆರಳು ಬಲೆ ಹಾಕಿ ಎರಡೂ ಬಾಗಿಲು ತೆರೆದಿಟ್ಟರೆ ಅತ್ಯುತ್ತಮ. ಅದಿಲ್ಲದಿದ್ದರೆ ಫ್ಯಾನ್ ತಿರುಗುವ ಕೋಣೆ. ಮೂರರಿಂದ ನಾಲ್ಕು ವಾರದಲ್ಲಿ ಕಾಯಿ ಸ್ವಲ್ಪ ಕುಗ್ಗಿ, ಏಣುಗಳು ಇನ್ನೂ ಎದ್ದು ಕಂಡು, ಕಾಂಡ ಕಪ್ಪಗಾಗುತ್ತದೆ. ತಟ್ಟಿದರೆ ಟೊಳ್ಳು ಶಬ್ದ ಬಂದಾಗ ಒಣಗಿತು ಎಂದು ತಿಳಿಯಬಹುದು. ಆಗ ಬಣ್ಣವಿಲ್ಲದ ವಾರ್ನಿಷ್ ಸ್ಪ್ರೇ ತೆಳ್ಳಗೆ ಎರಡು ಸಲ ಹೊಡೆದರೆ ತೇವ ಎಳೆಯುವುದು ಕಡಿಮೆಯಾಗುತ್ತದೆ. ಒಳಗೆ ಪಸೆ ಇರುವಾಗಲೇ ಹೊಡೆದರೆ ಪಸೆ ಒಳಗೇ ಸಿಕ್ಕಿ ಕಾಯಿ ಕೊಳೆಯುತ್ತದೆ.

ಇಡುವ ವಿಧಾನದಲ್ಲಿ ನನಗೆ ಇಷ್ಟವಾದದ್ದು ಎತ್ತರದ ಮಣ್ಣಿನ ಕೊಡದಲ್ಲಿ ಐದು ಕೋಲು, ಬುಡದಲ್ಲಿ ಹಣ್ಣಡಿಕೆಯ ಒಂದು ಗೊನೆ, ಪಕ್ಕಕ್ಕೆ ಭತ್ತದ ಕದಿರಿನ ಕಟ್ಟು. ಹಣ್ಣಡಿಕೆಯದೂ ಇದರದೂ ಒಂದೇ ಬಗೆಯ ಕಿತ್ತಳೆ, ಆದರೆ ಒಂದು ನುಣುಪು, ಇನ್ನೊಂದು ಏಣು. ಜಗಲಿಯ ಮೂಲೆ, ಚಾವಡಿಯ ಕಂಬದ ಬುಡ ಇದಕ್ಕೆ ಹೇಳಿಸಿದ ಜಾಗ. ದೇವರ ಮುಂದೆ, ದೀಪಾವಳಿಗೆ ಅಂಗಳದಲ್ಲಿ ನೆಡುವ ಬಲೀಂದ್ರನ ಮರಕ್ಕೆ ಹೂವೇ ಇರಲಿ, ಮುಳ್ಳಿನ ಗಿಡವನ್ನು ಅಲ್ಲಿಗೆ ತರಬೇಕಾಗಿಲ್ಲ. ಒಣಗಿದ ಕೋಲು ಬೆಂಕಿಗೆ ತಟ್ಟನೆ ಹಿಡಿಯುತ್ತದೆ, ಹಣತೆಯ ಸಾಲಿನಿಂದ ಎರಡಡಿಯಾದರೂ ದೂರ ಇಡಿ.

ತಿನ್ನಬಹುದೇ ಎಂದು ಕೇಳುವವರಿದ್ದಾರೆ. ಎಳೆ ಹಸಿರು ಕಾಯಿ ಬದನೆಯ ಹಾಗೆ ಬೇಯಿಸಿ ತಿನ್ನುವಂಥದ್ದೇ, ಕಹಿ ಇದೆ, ಹಾಗಲ ಮೆಚ್ಚುವವರಿಗೆ ಹಿಡಿಸಬಹುದು. ಹಣ್ಣಾದಂತೆ ಕಹಿ ಜಾಸ್ತಿ. ಕೀಟನಾಶಕ ಸಿಂಪಡಿಸಿದ್ದನ್ನೂ ವಾರ್ನಿಷ್ ತಾಗಿದ್ದನ್ನೂ ಬಾಯಿಗೆ ತರಬಾರದು. ಎಲೆ, ಕೊಂಬೆಯನ್ನು ದನಗಳ ಮುಂದೆ ಹಾಕಬೇಡಿ.

ಬೀಜ ಕೊಳ್ಳುವಾಗ ಚಿತ್ರ ನೋಡಿಕೊಳ್ಳಿ. ಅಲಂಕಾರದ ಬದನೆ ಎಂಬ ಹೆಸರಿನಲ್ಲಿ ಸೊಲಾನಮ್ ಮ್ಯಾಮೋಸಮ್ ಬೀಜವೂ ಮಾರಾಟವಾಗುತ್ತದೆ: ಹೊಳೆಯುವ ಹಳದಿ ಕಾಯಿ, ತೊಟ್ಟಿನ ಕಡೆ ಮೊಲೆಯಂಥ ಉಬ್ಬುಗಳು. ಅದು ನೋಡಲು ಚೆಂದ, ಆದರೆ ವಿಷ. ಬಟಾಣಿಗಿಂತ ಸ್ವಲ್ಪ ದೊಡ್ಡ ಗುಂಡು ಕೆಂಪು ಕಾಯಿಯ ಜೆರುಸಲೇಂ ಚೆರಿಯೂ ಅಷ್ಟೇ. ಕಾಯಿಗೆ ಏಣು, ಕಾಂಡಕ್ಕೆ ನೇರಳೆ ಬಣ್ಣ, ಗೊಂಚಲಾಗಿ ಕಾಯಿ ಬಿಡುವುದು, ಈ ಮೂರೂ ಇದ್ದರೆ ಕುಂಬಳ ಬದನೆ.

ಒಮ್ಮೆ ಬೀಜ ಸಿಕ್ಕಿದರೆ ಮತ್ತೆ ಕೊಳ್ಳಬೇಕಿಲ್ಲ. ಸೊರಗದ, ಸಣ್ಣ ಎಲೆ ರೋಗ ಬಾರದ ಒಂದು ಗಿಡದಲ್ಲಿ ಎರಡು ಗೊಂಚಲು ಬಿಟ್ಟು ಕಡುಕೆಂಪಾಗಿ ಮೆತ್ತಗಾಗುವವರೆಗೆ ಕಾಯಿರಿ. ತಿರುಳನ್ನು ನೀರಿನಲ್ಲಿ ಒಂದು ದಿನ ನೆನೆಸಿ, ಕಿವುಚಿ, ತಳಕ್ಕಿಳಿದ ಬೀಜ ಮಾತ್ರ ತೊಳೆದು ನೆರಳಿನಲ್ಲಿ ನಾಲ್ಕೈದು ದಿನ ಒಣಗಿಸಿ. ಬೂದಿಯಲ್ಲಿ ಕಲಸಿ ಬಿಗಿ ಮುಚ್ಚಳದ ಬಾಟಲಿಯಲ್ಲಿಟ್ಟರೆ ಮುಂದಿನ ಮೇ ತಿಂಗಳಿಗೆ ಕೆಡದೆ ಇರುತ್ತದೆ. ಬಾಟಲಿಯ ಮೇಲೆ ಕೊಯ್ದ ತಿಂಗಳನ್ನು ಬರೆಯಿರಿ, ಪಕ್ಕದಲ್ಲಿ ಸುಂಡೆ ಬೀಜದ ಬಾಟಲಿಯನ್ನೂ ಇಡಿ, ಏಪ್ರಿಲ್‌ನಲ್ಲಿ ಮೊದಲು ತೆರೆಯಬೇಕಾದದ್ದು ಅದು.